ಗಂಟೆ ದಂಡಿನ ಚರಿತ್ರೆಯಲ್ಲಿ ಒಂದು ಪುಟ

ಯಾರ್ಕ್, ಪೆನ್ಸಿಲ್ವೇನಿಯಾ
ಜನವರಿ ೧೦, ೧೮೭೬

ಕ್ಯಾಪ್ಟನ್ ಹೋರೇಸ್ ಪೆಲ್ ಅವರಿಗೆ,

ನಾನು ನಿಮ್ಮ ತುಕಡಿಯಲ್ಲಿದ್ದ ಆಮೋಸ್ ಗ್ರೂಬನ ಅಕ್ಕ. ನಿಮ್ಮ ಸಮಿತಿಯ ಆಹ್ವಾನ ತಲುಪಿತು. ಟೋಪಿಗೆ ಗಂಟೆಯ ಬಿಲ್ಲೆ ಹೊಲಿದುಕೊಳ್ಳುತ್ತಿದ್ದ ನಿಮ್ಮ ಗಂಟೆ ದಂಡಿನ ಚರಿತ್ರೆ ಪುಸ್ತಕವಾಗಿ ಬರುತ್ತಿದೆ, ಮೇ ತಿಂಗಳಲ್ಲಿ ಕೋಲ್ಬಿ ತೊರೆಯ ರಣಭೂಮಿಯಲ್ಲೇ ಅದರ ಬಿಡುಗಡೆ, ಸತ್ತವರ ಮನೆಯವರೂ ವಿಶೇಷ ರೈಲಿನಲ್ಲಿ ಬರಬಹುದು ಎಂದು ಬರೆದಿದ್ದೀರಿ. ಅಮ್ಮನಿಗೆ ಇಂಗ್ಲಿಷ್ ಬಾರದು. ನಮ್ಮ ಜರ್ಮನ್ ಮಾತಿನಲ್ಲಿ ಓದಿ ಹೇಳಿದೆ.

ಅವಳು ಕೇಳಿ ಮುಗಿಸಿ, "ನನ್ನ ಕರಿ ಉಣ್ಣೆ ಲಂಗ ಬಿಸಿಲಿಗೆ ಹಾಕು ಸಲೋಮೆ. ನಾನು ಹೋಗ್ತೀನಿ" ಎಂದಳು.

"ಅಮ್ಮಾ, ಹಿತ್ತಲಿಗೆ ಹೋಗಿ ಬರೋಕೇ ನಿನಗೆ ಕೋಲು ಬೇಕು."

"ನಡೆಯೋದು ರೈಲು ತಾನೆ, ನಾನಲ್ಲವಲ್ಲ."

ಅಮ್ಮನಿಗೆ ವಯಸ್ಸಾಗಿದೆ. ಈ ವರ್ಷ ಬಿಟ್ಟರೆ ಇನ್ನು ಹೋಗಲಾರಳು. ಉತ್ತರ ದಕ್ಷಿಣ ರಾಜ್ಯಗಳ ಯುದ್ಧ ಮುಗಿದು ಹುಡುಗರೆಲ್ಲ ಊರಿಗೆ ಬಂದಾಗ, ಆಮೋಸನ ಜೊತೆಗಾರ ಟೋಬಿಯಸ್ ರುಪ್ ನಮ್ಮ ಅಡುಗೆಮನೆಯಲ್ಲಿ ಕೂತು ಅವಳಿಗೆ ಹೇಳಿದ್ದ: ತೊರೆಯ ಪಕ್ಕದಲ್ಲಿ, ಓಕ್ ಮರದ ಕೆಳಗೆ, ಸಾಲಿನಲ್ಲಿ ಮಲಗಿಸಿದ್ದಾರೆ, ಮರದ ಹಲಗೆಯ ಮೇಲೆ ಹೆಸರು ಕೊರೆದಿದ್ದಾರೆ ಎಂದು. ಇಷ್ಟು ವರ್ಷ ಅಮ್ಮ ಆ ಮಾತನ್ನು ಊಟದ ಹಾಗೆ ಉಂಡಿದ್ದಾಳೆ. ಈಗ ಅವನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಬರಬೇಕಂತೆ. ಬೇರೇನೂ ಬೇಡವಂತೆ.

ಆ ಸಾಲುಗಳನ್ನು ಆಮೇಲೆ ಅಗೆದು ಸರ್ಕಾರಿ ಸೈನಿಕ ಸ್ಮಶಾನಕ್ಕೆ ಸಾಗಿಸಿದರೆಂದು ಕೇಳಿದ್ದೇನೆ. ಅಲ್ಲಿನ ಮೇಲ್ವಿಚಾರಕರಿಗೆ ಬರೆದೆ. ಆ ಹೆಸರಿನವರು ಯಾರೂ ಇಲ್ಲ ಎಂಬ ಉತ್ತರ ಬಂದಿದೆ. ಎಲ್ಲೋ ತಪ್ಪಾಗಿರಬೇಕು. ಅವನು ಯಾವ ಸಾಲಿನಲ್ಲಿದ್ದಾನೆ ಎಂದು ನೀವು ವಿಚಾರಿಸಿ ತಿಳಿಸಿದರೆ ದೊಡ್ಡ ಉಪಕಾರ.

ನಿಮ್ಮ ಉತ್ತರದ ದಾರಿ ನೋಡುವ,
ಸಲೋಮೆ ಗ್ರೂಬ್


ಹ್ಯಾರಿಸ್‌ಬರ್ಗ್
ಜನವರಿ ೨೪, ೧೮೭೬

ಮಾನ್ಯ ಗ್ರೂಬ್ ಅವರಿಗೆ,

ಆಮೋಸನ ಅಕ್ಕನ ಕೈಬರಹ ನೋಡಿ ಮನಸ್ಸು ತುಂಬಿ ಬಂತು. ನಿಮ್ಮ ತಾಯಿ ಬರಲೇಬೇಕು. ಅವರಿಗೆ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸುತ್ತೇನೆ.

ಈ ಚರಿತ್ರೆ ಬರೆಯುವುದು ನಾಲ್ಕು ವರ್ಷಗಳ ತಪಸ್ಸು. ದಂಡು ಕಟ್ಟಿದ ದಿನದಿಂದ ಮೊದಲಾಗಿ ಪ್ರತಿಯೊಂದು ನಡಿಗೆ, ದಾಟಿದ ಪ್ರತಿಯೊಂದು ಹೊಳೆ, ಸುಟ್ಟ ಪ್ರತಿಯೊಂದು ಸೇತುವೆ ಇದರಲ್ಲಿದೆ. ನಮ್ಮನ್ನು ನಮ್ಮದೇ ಸೇನೆಯ ಕೊಡಲಿ ದಂಡಿಗೆ ಸೇರಿಸಿದ ಪ್ರಕರಣವನ್ನು ಎರಡೂ ಕಡೆಯವರು ಒಪ್ಪುವಂತೆ ಬರೆಯುವುದೇ ಕಷ್ಟವಾಗಿತ್ತು. ಅದನ್ನು ನಿಮ್ಮ ತಮ್ಮನೇ ಸುಲಭ ಮಾಡಿಕೊಟ್ಟ. ಆ ಪುಟದ ಕರಡು ಅಚ್ಚನ್ನು ಇದರೊಂದಿಗೆ ಇಟ್ಟಿದ್ದೇನೆ:

"೧೮೬೪ರ ಚಳಿಗಾಲದ ಬಿಡಾರದಲ್ಲಿ ನಮ್ಮ ದಂಡನ್ನು ಮುರಿದು ಕೊಡಲಿ ದಂಡಿಗೆ ಸೇರಿಸುವ ಆಜ್ಞೆ ಬಂತು. ಟೋಪಿಯ ಮೇಲಿದ್ದ ಗಂಟೆಯ ಬಿಲ್ಲೆಯನ್ನು ಕಿತ್ತು ಕೊಡಲಿಯ ಬಿಲ್ಲೆಯನ್ನು ಹೊಲಿದುಕೊಳ್ಳಬೇಕಿತ್ತು. ಆಮೋಸ್ ಗ್ರೂಬ್ ಎಂಬ ಜರ್ಮನ್ ಸಿಪಾಯಿ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ. ಕೊಡಲಿಯನ್ನು ಹೊಲಿದುಕೊಂಡ, ಆದರೆ ಷರಾಯಿಯ ಹಿಂಭಾಗದಲ್ಲಿ. ತಪಾಸಣೆಯ ದಿನ ಜನರಲ್ ಸಾಹೇಬರು 'ನಿನ್ನ ಬಿಲ್ಲೆ ಎಲ್ಲಯ್ಯಾ?' ಎಂದಾಗ ತಿರುಗಿ ನಿಂತು, ಬಗ್ಗಿ ತೋರಿಸಿದ. ಕೋಲ್ಬಿ ತೊರೆಯಲ್ಲಿ ಗುಂಡು ತಗಲಿ ಬೋರಲು ಬಿದ್ದಾಗಲೂ ಆ ಕೊಡಲಿ ಆಕಾಶ ನೋಡುತ್ತಿತ್ತು. ಸತ್ತ ಮೇಲೂ ಅಭಿಪ್ರಾಯ ಬದಲಿಸದ ಸಿಪಾಯಿ ಇಡೀ ದಂಡಿನಲ್ಲಿ ಅವನೊಬ್ಬನೇ."

ಹಿಂದಿನ ಕೂಟದಲ್ಲಿ ಇದನ್ನು ಓದಿದಾಗ ಕೊಡಲಿಯವರೂ ಮೇಜು ಗುದ್ದಿ ನಕ್ಕರು. ಹೆಸರಿಲ್ಲದೆ ಹಾಕಿದರೆ ಕಟ್ಟುಕತೆ ಎನ್ನುತ್ತಾರೆ. ಹೆಸರು ಹಾಕಲು ಮನೆಯವರ ಒಪ್ಪಿಗೆ ಬೇಕೆಂದು ಅಚ್ಚಿನವರು ಹಟ ಹಿಡಿದಿದ್ದಾರೆ. ಒಂದು ಸಾಲಿನ ಒಪ್ಪಿಗೆ ಬರೆದು ಕಳಿಸಿ.

ಸಾಲಿನ ವಿಚಾರ ಕೇಳಿದ್ದೀರಿ. ಅವನು ತನ್ನ ಸಂಗಾತಿಗಳ ನಡುವೆ ಇದ್ದಾನೆ. ಇದಕ್ಕಿಂತ ಒಳ್ಳೆಯ ವಿಳಾಸ ಸೈನಿಕನಿಗೆ ಇನ್ನೇನಿದೆ?

ವಂದನೆಗಳೊಂದಿಗೆ,
ಹೋರೇಸ್ ಪೆಲ್


ಯಾರ್ಕ್
ಫೆಬ್ರವರಿ ೧೩, ೧೮೭೬

ಕ್ಯಾಪ್ಟನ್ ಪೆಲ್ ಅವರಿಗೆ,

ನಿಮ್ಮ ಪುಟವನ್ನು ಅಮ್ಮನಿಗೆ ತೋರಿಸಲಿಲ್ಲ. ಹೊಗೆಸೊಪ್ಪಿನ ಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದೇನೆ. ನಾನು ಮನೆಯಲ್ಲಿ ಚುಟ್ಟಾ ಸುತ್ತುತ್ತೇನೆ, ಆ ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವುದಿಲ್ಲ.

ಸಂಗಾತಿಗಳ ನಡುವೆ ಇದ್ದಾನೆ ಎಂದಿರಿ. ಯಾವ ಸಂಗಾತಿಗಳು ಎಂದು ಕೇಳಲು ಟೋಬಿಯಸನ ಹತ್ತಿರ ಹೋದೆ. ಅವನೀಗ ಸುಣ್ಣದ ಗಾಡಿ ಹೊಡೆಯುತ್ತಾನೆ. ನನ್ನನ್ನು ನೋಡಿ, "ಏನಕ್ಕಾ, ಅಷ್ಟು ದೂರದಿಂದ ನಡ್ಕೊಂಡು ಬಂದ್ಯಾ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ" ಎಂದ. ಅಮ್ಮ ರೈಲು ಹತ್ತುತ್ತಾಳೆ ಎಂದೆ. ಅವನು ಕುದುರೆಯ ಲಗಾಮು ಬಿಚ್ಚುವುದನ್ನು ಅರ್ಧಕ್ಕೇ ಬಿಟ್ಟ.

"ಬೇಡ ಅನ್ನು ಅಕ್ಕ."

"ಅಂದೆ. ಕೇಳಲ್ಲ. ಯಾವ ಸಾಲು ಟೋಬಿ?"

"ಸಾಲೂ ಇಲ್ಲ, ಏನೂ ಇಲ್ಲ."

ಆಮೇಲೆ ಅವನು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲದ್ದು ಇದರಲ್ಲಿ ಏನಾದರೂ ಇದ್ದರೆ ಹೇಳಿ.

ದಂಡುಗಳನ್ನು ಸೇರಿಸುವುದಕ್ಕೆ ಹಿಂದಿನ ವರ್ಷದ ಕಾಳಗದಲ್ಲಿ ಗಂಟೆ ದಂಡು ಹಿಮ್ಮೆಟ್ಟಿತ್ತು. ಜನರಲ್‌ಗಳು ಕಾಡಿನ ಬದಿಗೆ ಕಾವಲು ಹಾಕಲು ಮರೆತಿದ್ದರಂತೆ. ಬೈಗುಳ ತಿಂದವರು ಮಾತ್ರ ಸಿಪಾಯಿಗಳು. ನೀರು ತರಲು ಹೋದರೂ ಕೊಡಲಿಯವರು, "ಏ, ಗಂಟೆ ಹೊಡೀತು, ಓಡ್ರೋ" ಎಂದು ಕೂಗುತ್ತಿದ್ದರಂತೆ. ಅವರೊಳಗೇ ಇವರನ್ನು ಸೇರಿಸಿದಾಗ ಕೊಡಲಿಯನ್ನು ಷರಾಯಿಯ ಹಿಂದೆ ಹೊಲಿದುಕೊಂಡವನು ಆಮೋಸ್ ಒಬ್ಬನೇ ಅಲ್ಲ. ಇಡೀ ತುಕಡಿ ಹಾಗೆ ಮಾಡಿತ್ತು, ಟೋಬಿಯಸನೂ ಮಾಡಿದ್ದ. ನೀವು ನೋಡಿ ನಕ್ಕು ಸುಮ್ಮನಾದಿರಂತೆ. ಆಮೇಲೆ, ಹಳೆಯ ಗಂಟೆಯನ್ನೇ ಟೋಪಿಯಲ್ಲಿ ಇಟ್ಟುಕೊಳ್ಳಬಹುದು ಎಂದಾದ ಮೇಲೆ, ಉಳಿದವರು ಹಿಂದಿನ ಹೊಲಿಗೆ ಬಿಚ್ಚಿದರು. ಆಮೋಸ್ ಬಿಚ್ಚಲಿಲ್ಲ. ಸೋಮಾರಿ ಅವನು, ಮನೆಯಲ್ಲೂ ಒಂದು ಗುಂಡಿ ಹೊಲಿದುಕೊಂಡವನಲ್ಲ.

ಕೋಲ್ಬಿ ತೊರೆಯ ಕಾಳಗದ ಮೇಲೆ ಬಿಳಿ ಬಾವುಟ ಹಾರಿಸಿ ಹೆಣ ಎತ್ತಲು ಬಿಟ್ಟಾಗ ಸುಡುಬಿಸಿಲು. ಊದಿಹೋದ ಹೆಣಗಳ ಮುಖ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಟೋಪಿಯ ಬಿಲ್ಲೆ ನೋಡಿ ವಿಂಗಡಿಸುತ್ತಿದ್ದರು. ಆ ದಿನ ಗುಂಡಿ ತೋಡಿದವರು ಕೊಡಲಿಯವರು. ಆಮೋಸನ ಟೋಪಿ ಎಲ್ಲೋ ಬಿದ್ದುಹೋಗಿತ್ತು. ಬೋರಲು ಬಿದ್ದಿದ್ದವನ ಮೈಮೇಲೆ ಅವರಿಗೆ ಕಂಡದ್ದು ಅದೊಂದೇ ಬಿಲ್ಲೆ.

"ಅವರ ಸಾರ್ಜೆಂಟ್ ಬೂಟುಗಾಲಲ್ಲಿ ಒದ್ದು ನೋಡಿದ ಅಕ್ಕ. 'ನಮ್ಮ ಬಿಲ್ಲೆ ಮೇಲೆ ಕೂರೋ ಮಗನಿಗೆ ನಮ್ಮ ಸಾಲಲ್ಲಿ ಜಾಗ ಯಾಕೆ' ಅಂದ. 'ಸತ್ತೋನಪ್ಪಾ, ಬಿಟ್ಬಿಡು, ನಮ್ಮ ಹುಡುಗ ಇವನು' ಅಂದೆ. 'ನಿಮ್ಮೋನಾದ್ರೆ ಎದ್ದು ಓಡ್ತಿದ್ದ' ಅಂದ. ಎಲ್ಲಾ ನಕ್ರು. ತೋಪಿನ ಗಾಡಿ ಎಳೆಯೋ ಹೇಸರಗತ್ತೆಗಳು ಸತ್ತಿದ್ವಲ್ಲ, ಅವನ್ನ ಹಾಕೋ ಗುಂಡಿ ಒಂದಿತ್ತು. ಕಾಲು ಹಿಡಿದು ದರದರ ಎಳ್ಕೊಂಡು ಹೋದ್ರು. ನಾನು ಓಡಿ ಕ್ಯಾಪ್ಟನ್ ಹತ್ರ ಹೋದೆ. ಅವ್ರು ಬಂದು ನೋಡಿದ್ರು. ಮೂಗಿಗೆ ಕರ್ಚೀಪು ಹಿಡ್ಕೊಂಡು, 'ಸತ್ತವನ ವಿಷಯಕ್ಕೆ ಎರಡು ದಂಡುಗಳು ಜಗಳ ಆಡೋದು ಬೇಡ ರುಪ್, ಮಣ್ಣು ಮುಚ್ಚಲಿ' ಅಂದ್ರು."

ಅಮ್ಮನಿಗೆ ಯಾಕೆ ಓಕ್ ಮರ, ಹಲಗೆ ಎಂದೆಲ್ಲ ಹೇಳಿದೆ ಎಂದು ಕೇಳಿದೆ. "ನಿಮ್ಮಮ್ಮ ನನ್ನ ತಟ್ಟೆಗೆ ಎರಡನೇ ಸಲ ಹುಳಿ ಎಲೆಕೋಸು ಬಡಿಸ್ತಾ ಇದ್ರು ಅಕ್ಕ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ" ಎಂದ.

ಸರ್ಕಾರದವರು ಬಂದಾಗ ಸಾಲುಗಳನ್ನು ಮಾತ್ರ ಅಗೆದರು, ಕತ್ತೆಗಳ ಗುಂಡಿಯನ್ನು ಯಾರೂ ಅಗೆಯಲಿಲ್ಲ. ಆ ಜಾಗದಲ್ಲಿ ಈಗ ಹೊಲದವನ ಹಂದಿದೊಡ್ಡಿ ಇದೆಯಂತೆ. ಮೇಲ್ವಿಚಾರಕರಿಗೆ ಮತ್ತೆ ಬರೆದೆ. ಅವರು ಅಗೆಸಲು ಸಿದ್ಧ, ಆದರೆ ಕಣ್ಣಾರೆ ಕಂಡ ಅಧಿಕಾರಿಯೊಬ್ಬರ ಸಹಿಯ ಹೇಳಿಕೆ ಬೇಕು, ಬರೀ ಸಿಪಾಯಿಯ ಮಾತು ಸಾಲದು ಎನ್ನುತ್ತಾರೆ. ಕಂಡ ಅಧಿಕಾರಿ ನೀವು.

ನಾಲ್ಕು ಸಾಲು ಬರೆದು ಕೊಡಿ. ಮೇ ತಿಂಗಳೊಳಗೆ ಅವನು ಹಂದಿಗಳ ಕೆಳಗಿನಿಂದ ಹೊರಬರಬೇಕು. ಕರಿ ಲಂಗ ಆಗಲೇ ಒಗೆದು ಒಣಗಿದೆ.

ಸಲೋಮೆ ಗ್ರೂಬ್


ಹ್ಯಾರಿಸ್‌ಬರ್ಗ್
ಮಾರ್ಚ್ ೩, ೧೮೭೬

ಮಾನ್ಯರೇ,

ನಿಮ್ಮ ಪತ್ರ ನನ್ನನ್ನು ನೋಯಿಸಿತು. ರುಪ್ ಒಳ್ಳೆಯ ಸಿಪಾಯಿ, ಆದರೆ ಕುಡಿತ ಹೆಚ್ಚು. ಅಂಥ ದಿನದ ನೆನಪು ಯಾರಿಗೂ ಸ್ಪಷ್ಟವಾಗಿರುವುದಿಲ್ಲ.

ನನ್ನ ಸ್ಥಿತಿಯನ್ನೂ ಸ್ವಲ್ಪ ಯೋಚಿಸಿ. ಚರಿತ್ರೆಯ ಸಮಿತಿಯಲ್ಲಿ ಅರ್ಧ ಜನ ಕೊಡಲಿ ದಂಡಿನವರು. ಹನ್ನೆರಡು ವರ್ಷಗಳ ಮೇಲೆ ಎರಡೂ ಕಡೆಯವರು ಒಂದೇ ಡೇರೆಯ ಕೆಳಗೆ ಊಟಕ್ಕೆ ಕೂರುತ್ತಿದ್ದಾರೆ. ಈಗ ಇಂಥ ಹೇಳಿಕೆ ನನ್ನ ಸಹಿಯೊಂದಿಗೆ ಸರ್ಕಾರದ ಕಡತ ಸೇರಿದರೆ ಪುಸ್ತಕವೂ ಮುಗಿಯಿತು, ಕೂಟವೂ ಮುಗಿಯಿತು. ಬದುಕಿರುವವರ ಸೌಹಾರ್ದವೂ ಸತ್ತವರಿಗೆ ಸಲ್ಲಿಸುವ ಗೌರವವೇ ಅಲ್ಲವೇ?

ತಾಯಿಯವರ ವಿಚಾರಕ್ಕೆ ಒಂದು ದಾರಿ ಇದೆ. ಆ ಸ್ಮಶಾನದಲ್ಲಿ ಹೆಸರಿಲ್ಲದ ಕಲ್ಲುಗಳು ನೂರಾರು ಇವೆ. ಕೆಲವು ಓಕ್ ಮರದ ನೆರಳಿನಲ್ಲೇ ಇವೆ. ಒಂದನ್ನು ಆರಿಸಿ, ಅಲ್ಲಿ ಅವರನ್ನು ಕೂರಿಸಿ. ಅವರಿಗೆ ಇಂಗ್ಲಿಷ್ ಓದಲು ಬಾರದು ಎಂದಿದ್ದೀರಿ. ತಾಯಿಯ ಕಣ್ಣೀರಿಗೆ ಎಲ್ಲ ಮಣ್ಣೂ ಒಂದೇ.

ಒಪ್ಪಿಗೆ ಪತ್ರ ಇನ್ನೂ ಬಂದಿಲ್ಲ. ಅಚ್ಚಿನವರು ಕಾಯುತ್ತಿದ್ದಾರೆ.

ನಿಮ್ಮ ಹಿತೈಷಿ,
ಹೋರೇಸ್ ಪೆಲ್


ಯಾರ್ಕ್
ಮಾರ್ಚ್ ೮, ೧೮೭೬

ಕ್ಯಾಪ್ಟನ್ ಪೆಲ್,

ನಿಮ್ಮ ಪತ್ರ ಓದಿ ಹೊರಗೆ ಹೋಗಿ ಕೈ ತೊಳೆದುಕೊಂಡೆ. ಹೊಗೆಸೊಪ್ಪಿನ ಕೆಲಸದವಳು ನಾನು, ಕೈಗೆ ವಾಸನೆ ಹತ್ತುವುದು ಹೊಸದಲ್ಲ. ಇದು ತೊಳೆದರೂ ಹೋಗಲಿಲ್ಲ.

ಯಾರದೋ ಮಗನ ತಲೆಯ ಹತ್ತಿರ ನನ್ನ ತಾಯಿಯನ್ನು ಕೂರಿಸಿ, ಇವನೇ ನಿನ್ನ ಆಮೋಸ್ ಎನ್ನಬೇಕೇ? ಆ ಹುಡುಗನ ತಾಯಿಯೂ ಅದೇ ರೈಲಿನಲ್ಲಿ ಬಂದಿದ್ದರೆ?

ಟೋಬಿಯಸ್ ಕುಡಿಯುತ್ತಾನೆ, ನಿಜ. ಯಾವಾಗಿನಿಂದ ಎಂದು ಕೇಳಿದೆ. ಆ ಗುಂಡಿಗೆ ಮಣ್ಣು ಮುಚ್ಚಿದ ಸಂಜೆಯಿಂದ ಎಂದ.

ಒಪ್ಪಿಗೆ ಕೊಡುವುದಿಲ್ಲ. ಅವನ ಹೆಸರು ನಿಮ್ಮ ಪುಸ್ತಕದಲ್ಲಿ ಬರಕೂಡದು.

ಸಲೋಮೆ ಗ್ರೂಬ್


ಹ್ಯಾರಿಸ್‌ಬರ್ಗ್
ಮಾರ್ಚ್ ೨೫, ೧೮೭೬

ಮಾನ್ಯರೇ,

ನೇರವಾಗಿ ಬರೆಯುತ್ತೇನೆ. ನಿಮಗೆ ಬೇಕಾದದ್ದು ನನ್ನ ಬಳಿ ಇದೆ, ನನಗೆ ಬೇಕಾದದ್ದು ನಿಮ್ಮ ಬಳಿ.

ಆ ಪುಟ ಪುಸ್ತಕಕ್ಕೆ ಬೇಕೇ ಬೇಕು. ದಂಡುಗಳು ಸೇರಿದ ಕಹಿಯನ್ನು ಓದುಗರು ನಕ್ಕು ಮರೆಯುವುದು ಆ ಪುಟದಲ್ಲೇ. ನಮ್ಮ ಹಳೆಯ ಜನರಲ್ ಸಾಹೇಬರೂ ಅದನ್ನು ಹೆಸರಿನ ಸಮೇತ ಕೇಳುತ್ತಿದ್ದಾರೆ. ನೀವು ಒಪ್ಪಿಗೆ ಕೊಟ್ಟರೆ, ನಾನು ಮೇಲ್ವಿಚಾರಕರಿಗೆ ಖಾಸಗಿಯಾಗಿ ಬರೆಯುತ್ತೇನೆ. ಕಾಳಗದ ಗಡಿಬಿಡಿಯಲ್ಲಿ ಕಣ್ತಪ್ಪಿನಿಂದ ಸಿಪಾಯಿ ಗ್ರೂಬನ ದೇಹವನ್ನು ಪ್ರಾಣಿಗಳ ಗುಂಡಿಯಲ್ಲಿ ಹೂಳಲಾಯಿತು ಎಂದು ಬರೆಯುತ್ತೇನೆ. ಯಾರ ಮೇಲೂ ದೂರು ಇರುವುದಿಲ್ಲ. ಅವರು ಅಗೆಸುತ್ತಾರೆ. ಕಲ್ಲು ನಿಲ್ಲುತ್ತದೆ.

ಇದನ್ನು ವ್ಯಾಪಾರ ಎಂದುಕೊಳ್ಳಬೇಡಿ.

ಹೋರೇಸ್ ಪೆಲ್


ಯಾರ್ಕ್
ಮಾರ್ಚ್ ೩೦, ೧೮೭೬

ಕ್ಯಾಪ್ಟನ್ ಪೆಲ್,

ಒಪ್ಪಿಗೆ ಇದರ ಜೊತೆಗಿದೆ. ಪಾದ್ರಿಯವರ ಎದುರು ಸಹಿ ಹಾಕಿದ್ದೇನೆ. ಅವರು ಓದಿ, "ಇದೇನಮ್ಮಾ ಸಲೋಮೆ, ತಮಾಷೆಯಾಗಿದೆಯಲ್ಲ" ಎಂದರು.

ಇದನ್ನು ವ್ಯಾಪಾರ ಎಂದುಕೊಳ್ಳಬೇಡಿ ಎಂದಿದ್ದೀರಿ. ವ್ಯಾಪಾರದವರ ಮೇಲೆ ನನಗೆ ಗೌರವವಿದೆ. ಹೊಗೆಸೊಪ್ಪು ಮಾರಲು ಬರುವವನು ಕೊಳೆತ ಎಲೆಯನ್ನು ನನ್ನೆದುರಿಗೇ ಹೊರಗೆ ಎಸೆಯುತ್ತಾನೆ.

ಸಾಯುವಾಗ ಆಮೋಸನಿಗೆ ಇಪ್ಪತ್ತೆರಡು ವರ್ಷ. ಸೀಟಿ ಹೊಡೆಯುತ್ತಾ ಹಾಲು ಕರೆಯುತ್ತಿದ್ದ. ಸೇಬಿನ ಕೊಯ್ಲಿನಲ್ಲಿ ಏಣಿಯ ಮೇಲೆ ನಿಂತು ತಿಂದದ್ದೇ ಹೆಚ್ಚು. ನಿಮ್ಮ ಪುಸ್ತಕದಲ್ಲಿ ಇದಾವುದೂ ಇರಬೇಕಾಗಿಲ್ಲ, ಅದು ದಂಡಿನ ಚರಿತ್ರೆ. ಆದರೆ ಇನ್ನು ಮುಂದೆ ಲೋಕಕ್ಕೆ ಅವನೆಂದರೆ ಒಂದು ಷರಾಯಿಯ ಹಿಂಭಾಗ. ಅದಕ್ಕೆ ಸಹಿ ಹಾಕಿದವಳು ಅವನ ಅಕ್ಕ.

ನಿಮ್ಮ ಹೇಳಿಕೆಯ ನಕಲು ನನಗೂ ಬರಲಿ. ಬಾರದಿದ್ದರೆ ಒಪ್ಪಿಗೆಯನ್ನು ವಾಪಸು ಪಡೆಯುತ್ತೇನೆ.

ಸಲೋಮೆ ಗ್ರೂಬ್


ಹ್ಯಾರಿಸ್‌ಬರ್ಗ್
ಏಪ್ರಿಲ್ ೨೯, ೧೮೭೬

ಮಾನ್ಯರೇ,

ನಿಮಗೆ ನಕಲು ಕಳಿಸಿದ್ದ ಹೇಳಿಕೆ ತಲುಪಿ, ಕೆಲಸ ಮುಗಿದಿದೆ ಎಂದು ಮೇಲ್ವಿಚಾರಕರು ಬರೆದಿದ್ದಾರೆ. ರುಪ್ ತಾನಾಗಿ ಅಲ್ಲಿಗೆ ಹೋಗಿ ಅಗೆಯುವವರ ಪಕ್ಕದಲ್ಲಿ ನಿಂತಿದ್ದನಂತೆ. ಅವನು ಬಾಯಿ ಬಿಗಿಹಿಡಿಯುವಂತೆ ನೀವು ನೋಡಿಕೊಳ್ಳುತ್ತೀರೆಂದು ನಂಬಿದ್ದೇನೆ.

ಡೇರೆಯಲ್ಲಿ ಭೇಟಿಯಾಗೋಣ.

ಹೋ. ಪೆಲ್


ಯಾರ್ಕ್
ಜೂನ್ ೧೮, ೧೮೭೬

ಕ್ಯಾಪ್ಟನ್ ಪೆಲ್,

ಚರಿತ್ರೆಯ ಎರಡನೇ ಮುದ್ರಣ ಆಗುತ್ತಿದೆ, ಮನೆಯವರಿಗೆ ತಿಳಿದ ತಪ್ಪುಗಳಿದ್ದರೆ ಬರೆದು ಕಳಿಸಿ ಎಂಬ ನಿಮ್ಮ ಸುತ್ತೋಲೆ ಬಂದಿದೆ. ಅದಕ್ಕೆ ಈ ಉತ್ತರ.

ಆ ಗುಂಡಿಯಲ್ಲಿ ಮನುಷ್ಯನೆಂದರೆ ಆಮೋಸ್ ಒಬ್ಬನೇ ಇದ್ದ. ಹಾಗಾಗಿ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ ಎಂದು ಟೋಬಿಯಸ್ ಹೇಳಿದ. ಹೇಸರಗತ್ತೆಯ ಪಕ್ಕೆಲುಬುಗಳ ಕೆಳಗಿದ್ದ, ಎಸೆದ ಹಾಗೆಯೇ, ಬೋರಲಾಗಿ. ಹಂದಿದೊಡ್ಡಿಯ ರೊಚ್ಚು ಅಲ್ಲಿಯವರೆಗೂ ಇಳಿದಿತ್ತು. ಕೆಲಸದವರು ಎಲುಬುಗಳನ್ನು ಹಾಗೇ ಪೆಟ್ಟಿಗೆಗೆ ಹಾಕಲು ಹೋದಾಗ ಟೋಬಿಯಸ್ ತಡೆದು, ತೊರೆಯಿಂದ ನೀರು ತಂದು ಒಂದೊಂದನ್ನೇ ತೊಳೆದನಂತೆ. "ಕುಡಿದಿರಲಿಲ್ಲ ಅಕ್ಕ, ಆಣೆ ಮಾಡ್ತೀನಿ" ಎಂದ. ಆಣೆ ಬೇಕಿರಲಿಲ್ಲ.

ಮೇ ತಿಂಗಳಲ್ಲಿ ಹೋದಾಗ ಸೈನಿಕ ಸ್ಮಶಾನದಲ್ಲಿ ಅಮ್ಮ ಅವನ ಕಲ್ಲಿನ ಪಕ್ಕ ಕೂತಳು. ಹೆಸರಿನ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಮಣ್ಣು ಹೊಸದಾಗಿ ಕಂಡದ್ದಕ್ಕೆ, "ನಾವು ಬರ್ತೀವಿ ಅಂತ ಕೆದಕಿ ಚೊಕ್ಕಟ ಮಾಡಿದಾರೆ ನೋಡು, ಪಾಪ" ಎಂದಳು. ಓಕ್ ಮರ ಎಲ್ಲಿ ಎಂದು ಕೇಳಿದಳು. ಕಡಿದಿರಬೇಕು ಎಂದ ಟೋಬಿಯಸ್.

ಅಲ್ಲಿಗೇ ಮುಗಿದಿದ್ದರೆ ನಿಮಗೆ ಈ ಪತ್ರ ಬರೆಯುತ್ತಿರಲಿಲ್ಲ. ಡೇರೆಯಲ್ಲಿ ನೀವು ಆ ಪುಟವನ್ನು ಗಟ್ಟಿಯಾಗಿ ಓದಿದಿರಿ. ಗಂಟೆಯವರು, ಕೊಡಲಿಯವರು ಎಲ್ಲ ಒಟ್ಟಿಗೆ ನಕ್ಕರು. ಜನರಲ್ ಸಾಹೇಬರು ಕಣ್ಣೊರೆಸಿಕೊಂಡು ನಕ್ಕರು. ಅಮ್ಮ ನನ್ನ ತೋಳು ಹಿಡಿದು, "ಆಮೋಸ್ ಅಂದ್ರಲ್ಲ, ಏನದು? ಯಾಕೆ ನಗ್ತಾರೆ?" ಎಂದಳು. ಹೇಳದೆ ವಿಧಿ ಇರಲಿಲ್ಲ. ಒಂದು ಮಾತೂ ಬಿಡದೆ ನಮ್ಮ ಭಾಷೆಯಲ್ಲಿ ಹೇಳಿದೆ.

ಅಮ್ಮ ನಕ್ಕಳು. ಬಾಯಿಗೆ ಶಾಲಿನ ಅಂಚು ಹಿಡಿದು, ಭುಜ ಕುಣಿಯುವ ಹಾಗೆ ನಕ್ಕಳು. "ಅವನೇ, ಅವನೇ ನನ್ನ ಮಗ. ಚರ್ಚಲ್ಲಿ ದೀಕ್ಷೆ ತಗೊಂಡ ದಿನ ಪಾದ್ರಿ ಎದುರೂ ಹೀಗೇ ಏನೋ ಮಾಡಿದ್ದ" ಎಂದಳು. ಅವನು ಸತ್ತ ಮೇಲೆ ಅಮ್ಮ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಿಮ್ಮ ಬಗ್ಗೆ ಹೇಸಿಗೆಪಡುತ್ತಾ ಕೂತಿದ್ದ ನಾನು ಆ ನಗುವಿನ ಪಕ್ಕದಲ್ಲಿ ಏನು ಮಾಡಬೇಕೋ ತಿಳಿಯದೆ ಕೈ ಮಡಚಿಕೊಂಡು ಕೂತೆ.

ಆಮೇಲೆ ಅವಳು ನಿಮ್ಮ ತೋಳು ತಟ್ಟಿ ಕೇಳಿದ್ದು ನಿಮಗೆ ನೆನಪಿರಬೇಕು. "ಬೋರಲು ಬಿದ್ದಿದ್ದ ಅಂದ್ರಲ್ಲ ಸಾಹೇಬ್ರೇ. ಅವನನ್ನ ಅಂಗಾತ ತಿರುಗಿಸಿದೋರು ಯಾರು?"

ನಾನು ಅದನ್ನು ಇಂಗ್ಲಿಷಿನಲ್ಲಿ ನಿಮಗೆ ಹೇಳಿದೆ. ನೀವು ಕಣ್ಣು ಮಿಟುಕಿಸಲಿಲ್ಲ. "ಕೊಡಲಿ ದಂಡಿನವರೇ ತಾಯಿ. ಬಹಳ ಗೌರವದಿಂದ. ಕೈಗಳನ್ನು ಎದೆಯ ಮೇಲೆ ಮಡಚಿ ಇಟ್ಟರು" ಎಂದಿರಿ. ಅದನ್ನೂ ನಾನೇ ಅಮ್ಮನಿಗೆ ಹೇಳಬೇಕಾಯಿತು. ಹೇಳಿದೆ.

ಅಮ್ಮ ಕೋಲೂರಿ ಎದ್ದಳು. ಪಕ್ಕದ ಮೇಜಿಗೆ ಹೋಗಿ, ಎದೆಯ ಮೇಲೆ ಕೊಡಲಿಯ ಬಿಲ್ಲೆ ಇದ್ದ ಬೋಳುತಲೆಯವನೊಬ್ಬನ ಕೈ ಹಿಡಿದು ಆ ಕೈಗೆ ಮುತ್ತಿಟ್ಟಳು. ದಾರಿಯ ಊಟಕ್ಕೆಂದು ತಂದಿದ್ದ ಸೇಬಿನ ಲೇಹ್ಯದ ಭರಣಿಯನ್ನು ಅವನ ಮುಂದೆ ಇಟ್ಟಳು. ಅವನಿಗೆ ಏನೂ ತಿಳಿಯದು, ಪಾಪ. "ಏನಂತಾರೆ ಈ ಅಜ್ಜಿ?" ಎಂದು ನನ್ನ ಕಡೆ ನೋಡಿದ. ಥ್ಯಾಂಕ್ಸ್ ಅಂತಾರೆ ಎಂದೆ. "ಅಯ್ಯೋ, ಇರಲಿ ಬಿಡಿ ತಾಯಿ" ಎಂದ. ಟೋಬಿಯಸ್ ಎದ್ದು ಹೊರಗೆ ಹೋದ. ಡೇರೆಯ ಹಗ್ಗದ ಹತ್ತಿರ ಅವನು ವಾಂತಿ ಮಾಡಿಕೊಳ್ಳುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. ನಿಮಗೂ ಕೇಳಿರಬೇಕು. ನೀವು ಸೂಪಿಗೆ ಉಪ್ಪು ಹಾಕಿಕೊಳ್ಳುತ್ತಿದ್ದಿರಿ.

ಈಗ ಅಮ್ಮ ಬಂದವರಿಗೆಲ್ಲ ಆ ಕತೆ ಹೇಳುತ್ತಾಳೆ. ಹಾಲಿನವನಿಗೆ ಹೇಳಿದಳು, ಚರ್ಚಿನ ಹೆಂಗಸರಿಗೆ ಹೇಳಿದಳು. ಷರಾಯಿಯ ಭಾಗ ಬಂದಾಗ ನಗುತ್ತಾಳೆ. ಕೊನೆಗೆ ದನಿ ಇಳಿಸಿ, ಕೊಡಲಿಯವರು ಅವನನ್ನು ಹೇಗೆ ಅಂಗಾತ ತಿರುಗಿಸಿ ಕೈ ಮಡಚಿದರು ಎನ್ನುತ್ತಾಳೆ. ನಾನು ಚುಟ್ಟಾ ಸುತ್ತುತ್ತಾ ಕೇಳುತ್ತೇನೆ.

ಎರಡನೇ ಮುದ್ರಣದಲ್ಲಿ ನೀವು ಬೇಕಾದರೆ ಆ ಮಾತನ್ನೂ ಸೇರಿಸಿಕೊಳ್ಳಿ. ಅಮ್ಮ ಸಂತೋಷಪಡುತ್ತಾಳೆ. ಅವಳು ಇರುವಷ್ಟು ದಿನ ನಾನು ಬಾಯಿ ಬಿಡುವುದಿಲ್ಲ, ಟೋಬಿಯಸನೂ ಬಿಡುವುದಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ದಿನ ನಾವಿಬ್ಬರೂ ಕೂತು ಎಲ್ಲವನ್ನೂ ಬರೆದು, ನಿಮ್ಮ ಹೆಸರು, ನಿಮ್ಮ ಕರ್ಚೀಪು ಸಮೇತ, ಪತ್ರಿಕೆಗೆ ಕಳಿಸುತ್ತೇವೆ. ಅಮ್ಮನಿಗೆ ಒಳ್ಳೆಯ ಆರೋಗ್ಯವಿರಲಿ ಎಂದು ನೀವೂ ಬೇಡಿಕೊಳ್ಳಿ.

ಅಲ್ಲಿಯವರೆಗೆ ನಿಮ್ಮ ಚರಿತ್ರೆಯಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಸಲೋಮೆ ಗ್ರೂಬ್